ಸಹಾಯಾರ್ಥ ಗಾಯನ

ಹೋದ ತಿಂಗಳು ಒಂದು ಸಾಯಂಕಾಲ ಇಬ್ಬರು ತರುಣರು ನಮ್ಮ ಮನೆಗೆ ಬಂದರು. ಅವರಲ್ಲೊಬ್ಬನು ನನ್ನ ಹಳೆಯ ವಿದ್ಯಾರ್ಥಿ. ಶಬ್ದರೂಪಗಳನ್ನು ಬಾಯಿಪಾಠ ಮಾಡದೆ ಬೆಂಚಿನ ಮೇಲೆ ನಿಂತವನು. ಈಗ ಶಹಾಪುರದಲ್ಲಿ ಸ್ವಂತ ಅಂಗಡಿಯನ್ನಿಟ್ಟುಕೊಂಡು ಸುಖವಾಗಿದ್ದಾನೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ಚೀಲದಿಂದ ಒಂದು ಟಿಕೇಟಿನ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟನು. ಬೆಂಗಳೂರಿನಿಂದ ಪ್ರಖ್ಯಾತ ಸಿನಿಮಾ ಗಾಯಕರೊಬ್ಬರನ್ನು ಕರೆಯಿಸಿ ಒಂದು ರಸಮಂಜರಿಯನ್ನು ನಡೆಯಿಸಬೇಕೆಂದೂ, ಬಂದ ಹಣವನ್ನು ಗುಳೆ ಹೋಗುವ ಬಡವರ ಮಕ್ಕಳಿಗೆ ವಿನಿಯೋಗಿಸಬೇಕೆಂದೂ ಅವರ ಸಂಕಲ್ಪ. ನಾನು ಅಧ್ಯಕ್ಷ ಪೀಠದಲ್ಲಿ ಕುಳಿತು, ಹತ್ತು ಜನರಿಗೆ ಟಿಕೇಟು ಕೊಡಿಸಬೇಕಂತೆ.

“ನಿಮ್ಮ ಹೆಸರೊಂದಿದ್ದರ ಸಾಕ್ರಿ ಸರ, ಮಂದಿ ನಂಬ್ತಾರ” ಎಂದನು.

ಈ ನಂಬುಗೆಯ ಮಾತೇ ನನ್ನನ್ನು ತಡೆಯಿತು. ಎರಡು ದಿನಗಳ ಅವಕಾಶ ಕೊಡಿರೆಂದು ಹೇಳಿ ಅವರಿಗೆ ಚಹ ಕೊಡಿಸಿ ಕಳುಹಿಸಿದೆನು. ಅದೇಕೆಂದರೆ ಇಂಥದೇ ಮತ್ತೊಂದು ಟಿಕೇಟಿನ ಪುಸ್ತಕವು, ಹರಿದ ಚೀಟಿಗಳ ಅರ್ಧಭಾಗಗಳ ಸಹಿತ, ಹದಿನೈದು ವರ್ಷಗಳಿಗೂ ಹಿಂದಿನಿಂದ ನನ್ನ ಪೆಟ್ಟಿಗೆಯ ತಳದಲ್ಲಿರುವುದು.

2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯ ದಿನಗಳನ್ನೂ ಅಕ್ಟೋಬರ್ ಮೊದಲಿನ ದಿನಗಳನ್ನೂ ಈ ಭಾಗದ ವಾಚಕರು ಮರೆತಿರಲಾರರು. ಆಗ ಯಾದಗಿರಿಯು ಕಲಬುರ್ಗಿ ಜಿಲ್ಲೆಯ ಒಂದು ತಾಲೂಕು ಮಾತ್ರವಾಗಿದ್ದಿತು. ಪ್ರತ್ಯೇಕ ಜಿಲ್ಲೆಯಾದುದು ಅದೇ ವರ್ಷದ ಡಿಸೆಂಬರಿನಲ್ಲಿ. ಎಡೆಬಿಡದೆ ಸುರಿದ ಮಳೆಗೆ ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದವು. ಭೀಮೆಯೂ ಕೃಷ್ಣೆಯೂ ಉಕ್ಕಿ ಹೊಲಗಳ ಮೇಲೆ ಹರಿದವು. ಆ ಸಮಯದಲ್ಲಿ ಕೆಲವರು ಮಹನೀಯರು ಒಂದುಗೂಡಿ ಸಂತ್ರಸ್ತರ ಸಹಾಯಾರ್ಥವಾಗಿ ಒಂದು ಗಾಯನ ಕಾರ್ಯಕ್ರಮವನ್ನೇರ್ಪಡಿಸಿದರು. ನಾನು ಮಾಸ್ತರನಾದುದರಿಂದ ಟಿಕೇಟುಗಳನ್ನು ಮಾರುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಟಿಕೇಟಿಗೆ ನೂರು ರೂಪಾಯಿ. ಗಂಜಿನಲ್ಲಿ ತೊಗರಿಯ ಚೀಲ ಹೊರುತ್ತಿದ್ದ ಹಮಾಲನೊಬ್ಬನು ತಾನಾಗಿಯೇ ಬಂದು ಒಂದು ಟಿಕೇಟನ್ನು ತೆಗೆದುಕೊಂಡನು. ಅವನ ಒಂದು ದಿನದ ದುಡಿಮೆ ಅದು. “ಹಾಡು ಕೇಳಾಕಲ್ರಿ ಸರ, ಹೊಳಿ ನೀರು ಮನಿಯಾಗ ಬಂದೋರಿಗಿ” ಎಂದನು. ಕಾರ್ಯಕ್ರಮದ ರಾತ್ರಿ ಅವನು ಬರಲೂ ಇಲ್ಲ.

ಜನ ಕಿಕ್ಕಿರಿದು ಸೇರಿದ್ದರು. ಗಾಯಕರು ಚೆನ್ನಾಗಿಯೇ ಹಾಡಿದರು; ತಮ್ಮ ಸಂಭಾವನೆಯನ್ನೂ ಬಿಟ್ಟುಕೊಟ್ಟರೆಂದು ವೇದಿಕೆಯ ಮೇಲೆ ಸಾರಿದರು. ಆದರೆ ವಾದ್ಯದವರು, ಧ್ವನಿವರ್ಧಕದವರು, ದೀಪದವರು, ಪೆಂಡಾಲಿನವರು, ಮೋಟಾರಿನವರು, ವಸತಿಗೃಹದವರು ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ. ಬಿಡೆಂದು ಕೇಳುವುದೂ ನ್ಯಾಯವಲ್ಲ, ಅವರೂ ಹೊಟ್ಟೆಯ ಪಾಡಿನವರೇ. ಎಲ್ಲ ಕಳೆದು ಉಳಿದುದರಲ್ಲಿ ಹನ್ನೊಂದು ಮನೆಗಳಿಗೆ ತಲಾ ಒಂದು ಕಂಬಳಿ ಮತ್ತು ಹತ್ತು ಕಿಲೋ ಜೋಳ ಹಂಚಲಾಯಿತು. ಹಂಚುವಾಗ ಫೋಟೋ ತೆಗೆಯಲಾಯಿತು. ಯಾರಾದರೂ ಕದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕವನ್ನು ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡವರೊಡನೆ ನಿಷ್ಠುರವೇಕೆಂದು ಸುಮ್ಮನಾದೆನು. ಕೆಲವು ದಿನಗಳ ಮೇಲೆ ಆ ಹಮಾಲನು ದಾರಿಯಲ್ಲಿ ಎದುರಾಗಿ, ಯಾವ ಕಹಿಯೂ ಇಲ್ಲದೆ, ಬರಿಯ ಕುತೂಹಲದಿಂದ ಕೇಳಿದನು: “ಸರ, ನನ್ನ ನೂರು ರೂಪಾಯಿ ಯಾರ ಮನಿಗಿ ಹೋತ್ರಿ?” ಎಷ್ಟೋ ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ಉಪಾಧ್ಯಾಯನೆಂಬ ಅಭಿಮಾನ ನನ್ನದಾಗಿದ್ದಿತು. ಅಂದು ನನ್ನ ಬಾಯಿ ಕಟ್ಟಿತು.

ಎಲ್ಲಿಯ ನಮ್ಮೂರಿನ ಪೆಂಡಾಲು, ಎಲ್ಲಿಯ ಲಂಡನ್ ಪಟ್ಟಣದ ಮೈದಾನ! ಆದರೂ ಪ್ರಶ್ನೆ ಎರಡೂ ಕಡೆ ಒಂದೇ ಆಗಿದೆ: ಪ್ರಸಿದ್ಧರು ಒಂದು ರಾತ್ರಿ ಹಾಡುವುದರಿಂದ ಬಡತನವು ತೊಲಗೀತೆ? ಈ ಸಂಪ್ರದಾಯಕ್ಕೆ ನಾಂದಿ ಹಾಡಿದವರಲ್ಲಿ ನಮ್ಮ ದೇಶದವರೇ ಒಬ್ಬರು. ಪೂರ್ವ ಬಂಗಾಳದ ನಿರಾಶ್ರಿತರ ಪಾಡನ್ನು ಕಂಡು ಪಂಡಿತ ರವಿಶಂಕರರು ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್ನನ ನೆರವು ಕೋರಿದರು. 1971ನೆಯ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಚೇರಿಗಳಾದವು. ರವಿಶಂಕರರೂ ಅಲಿ ಅಕ್ಬರ್ ಖಾನರೂ ಶ್ರುತಿ ಕೂಡಿಸಿಕೊಳ್ಳುತ್ತಿದ್ದುದನ್ನೇ ಸಂಗೀತವೆಂದು ಬಗೆದು ಸಭಿಕರು ಚಪ್ಪಾಳೆ ತಟ್ಟಿದರಂತೆ. ನಗಬೇಕಾದುದಿಲ್ಲ, ನಮ್ಮಲ್ಲಿ ಹಾಡು ಮುಗಿದ ಮೇಲೂ ಏನೆಂದು ತಿಳಿಯದವರಿದ್ದಾರೆ. ಟಿಕೇಟಿನಿಂದ ಬಂದ ಸುಮಾರು ಎರಡೂವರೆ ಲಕ್ಷ ಡಾಲರು ಮಕ್ಕಳ ಹಿತಕ್ಕಾಗಿರುವ ವಿಶ್ವಸಂಸ್ಥೆಯ ನಿಧಿಗೆ ಬೇಗನೆ ಸಂದಿತು. ಆದರೆ ಧ್ವನಿಮುದ್ರಿಕೆಗಳಿಂದ ಬಂದ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಹಣವು, ಮುಂಚಿತವಾಗಿ ಧರ್ಮಾರ್ಥವೆಂದು ನೋಂದಾಯಿಸದಿದ್ದ ಕಾರಣ, ತೆರಿಗೆಯ ತಂಟೆಯಲ್ಲಿ ಸಿಕ್ಕಿ ವರ್ಷಗಟ್ಟಲೆ ನಿಂತಿತು. ಹಸಿವೆಯು ಅಷ್ಟು ದಿನ ಕಾಯುವುದೆ?

ತರುವಾಯ 1984ರಲ್ಲಿ ಇಥಿಯೋಪಿಯದ ಕ್ಷಾಮದ ಚಿತ್ರಗಳನ್ನು ಬಿ.ಬಿ.ಸಿ.ಯವರು ತೋರಿಸಿದಾಗ ಬಾಬ್ ಗೆಲ್ಡಾಫ್ ಎಂಬ ಐರ್ಲೆಂಡಿನ ಗಾಯಕನು ಎದ್ದು ನಿಂತನು. 1985ನೆಯ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿಯೂ ಅಮೆರಿಕದ ಫಿಲಡೆಲ್ಫಿಯದಲ್ಲಿಯೂ ಏಕಕಾಲದಲ್ಲಿ ನಡೆದ ಆ ಮಹಾಗಾಯನವು ಉಪಗ್ರಹಗಳ ಮೂಲಕ ನೂರಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು. ನಾನಾಗ ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಸೇರಿದ ಮಾಸ್ತರ. ರೇಡಿಯೋದಲ್ಲಿ ಸುದ್ದಿ ಕೇಳಿ ರೋಮಾಂಚಗೊಂಡೆನು. ಆ ವರ್ಷ ನಮ್ಮಲ್ಲಿಯೂ ಮಳೆಯಿಲ್ಲ. ತರಗತಿಯ ಅರ್ಧ ಬೆಂಚುಗಳು ಬರಿದು, ಮಕ್ಕಳು ತಾಯಿತಂದೆಗಳ ಸಂಗಡ ಗುಳೆ ಹೋಗಿದ್ದರು. ಆ ಬರಿದಾದ ಬೆಂಚಿಗೂ ಈ ಸುದ್ದಿಗೂ ಸಂಬಂಧವಿದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಹಣವು ಅಪಾರವಾಗಿಯೇ ಬಂದಿತು. ಹತ್ತು ಕೋಟಿ ಡಾಲರಿಗೂ ಮಿಗಿಲೆಂದು ಎಣಿಕೆ. ಅದು ಧಾನ್ಯವಾಯಿತು, ಔಷಧವಾಯಿತು. ಬಂದರಿನಲ್ಲಿಳಿದ ಧಾನ್ಯವನ್ನು ಒಳನಾಡಿಗೆ ಹೊರಲು ವಾಹನಗಳು ಸಾಲದಾದಾಗ ಲಾರಿಗಳೂ ಆಯಿತು. ಆ ಹಣದಿಂದ ಬದುಕಿ ಉಳಿದ ಶಿಶುಗಳುಂಟು. ಇದನ್ನು ಅಲ್ಲಗಳೆಯುವವನು ಹಸಿದವರ ಮುಖವನ್ನು ನೋಡದವನು. ಆದರೆ ಆ ಕ್ಷಾಮಕ್ಕೆ ಮಳೆಯೊಂದೇ ಕಾರಣವಾಗಿರಲಿಲ್ಲ. ಅಲ್ಲಿ ಅಂತರ್ಯುದ್ಧವು ನಡೆದಿದ್ದಿತು. ಮೆಂಗಿಸ್ತುವಿನ ಸರಕಾರವು ಬರದ ನೆವದಿಂದ ಉತ್ತರದ ರೈತರನ್ನು ಬಲಾತ್ಕಾರವಾಗಿ ದಕ್ಷಿಣಕ್ಕೆ ಸಾಗಿಸಿತು. ಇದನ್ನು ಬಹಿರಂಗವಾಗಿ ಖಂಡಿಸಿದ ಫ್ರೆಂಚ್ ವೈದ್ಯಸಂಘವೊಂದನ್ನು ಅದೇ ವರ್ಷದ ಕೊನೆಯಲ್ಲಿ ದೇಶದಿಂದ ಹೊರಗೆ ಹಾಕಿತು. ಹಾಡು ಕೇಳಿ ಕಣ್ಣೀರಿಟ್ಟವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವರ ಕಣ್ಣಿಗೆ ಕಂಡುದು ಒಣಗಿದ ನೆಲ, ಒಣಗಿದ ಮಗು. ಆಳುವವರ ಕೈ ಕಾಣಲಿಲ್ಲ.

ಗೆಲ್ಡಾಫನಿಗೂ ಇದು ತಿಳಿಯದೆ ಹೋಗಲಿಲ್ಲವೆಂಬುದು ನನ್ನ ಊಹೆ. ಏಕೆಂದರೆ ಇಪ್ಪತ್ತು ವರ್ಷಗಳ ಮೇಲೆ, 2005ನೆಯ ಜುಲೈ 2ರಂದು, ಪುನಃ ಅನೇಕ ರಾಷ್ಟ್ರಗಳಲ್ಲಿ ಗಾಯನವನ್ನೇರ್ಪಡಿಸಿದಾಗ ಹಣವನ್ನು ಬೇಡಲಿಲ್ಲ. ಸ್ಕಾಟ್ಲೆಂಡಿನಲ್ಲಿ ಕೂಡಲಿದ್ದ ಎಂಟು ಶ್ರೀಮಂತ ರಾಷ್ಟ್ರಗಳ ನಾಯಕರ ಕಿವಿಗೆ ಬೀಳುವಂತೆ ದನಿಗೂಡಿಸಿರೆಂದು ಬೇಡಿದನು. ಹದಿನೆಂಟು ಬಡ ದೇಶಗಳ, ಅವುಗಳಲ್ಲಿ ಹದಿನಾಲ್ಕು ಆಫ್ರಿಕದವು, ಸಾಲವನ್ನು ಮನ್ನಾ ಮಾಡುವ ತೀರ್ಮಾನವು ಆ ಕಾಲದಲ್ಲಾಯಿತು. ಹಾಡಿನಿಂದಲೇ ಆಯಿತೆನ್ನುವಂತಿಲ್ಲ. ವಿತ್ತಮಂತ್ರಿಗಳು ಜೂನಿನಲ್ಲಿಯೇ ಒಪ್ಪಿದ್ದರು. ಅದಕ್ಕೂ ಮೊದಲು ಎಷ್ಟೋ ಚರ್ಚುಗಳೂ ಸಂಘಗಳೂ ವರ್ಷಾನುವರ್ಷ ಆ ಬಾಗಿಲನ್ನು ಬಡಿದಿದ್ದವು. ಅಷ್ಟಾದರೂ ಬೊಕ್ಕಸದ ಕೀಲಿಕೈ ಯಾರ ಸೊಂಟದಲ್ಲಿದೆಯೆಂಬುದನ್ನು ಆ ಹಾಡು ಸರಿಯಾಗಿ ಗುರುತಿಸಿತು. ಆದರೆ ಅಲ್ಲಿಯೂ ಒಂದು ಕುಂದು. ಲಂಡನ್ನಿನ ಮುಖ್ಯ ವೇದಿಕೆಯಲ್ಲಿ ಆಫ್ರಿಕದ ಗಾಯಕರಿಗೆ ಬಹುಮಟ್ಟಿಗೆ ಸ್ಥಳವಿರಲಿಲ್ಲ. ಆಕ್ಷೇಪಣೆಗಳೆದ್ದ ಬಳಿಕ ದೂರದ ಕಾರ್ನ್‌ವಾಲಿನಲ್ಲಿ ಅವರಿಗಾಗಿ ಬೇರೊಂದು ವೇದಿಕೆಯಾಯಿತು. ಯಾರ ಹೆಸರಿನಲ್ಲಿ ಅಡುಗೆಯೋ ಅವರಿಗೇ ಹೊರಪಂಕ್ತಿ!

ಆಫ್ರಿಕದ ಮಾತು ನಮಗೇಕೆಂದು ಯಾರಾದರೂ ಕೇಳಬಹುದು. ಧಾತು ಮತ್ತು ಈಶ್ವರ ಸಂವತ್ಸರಗಳ ಬರದ ಹೆಸರನ್ನು ನಮ್ಮ ಅಜ್ಜಿಯಂದಿರು ಪಿಸುಮಾತಿನಲ್ಲಿ ಹೇಳುತ್ತಿದ್ದರು. 1876ರಿಂದ 1878ರ ವರೆಗಿನ ಆ ಬರದಲ್ಲಿ ಮದ್ರಾಸು, ಮುಂಬಯಿ, ಮೈಸೂರು, ಹೈದರಾಬಾದು ಸೀಮೆಗಳಲ್ಲಿ ಲಕ್ಷೋಪಲಕ್ಷ ಜನ ಸತ್ತರು. ಆಗ ಲಂಡನ್ನಿನ ಮೇಯರರ ಮನೆಯಲ್ಲಿ ನಮಗಾಗಿ ವಂತಿಗೆ ಎತ್ತಿದರು. ಮದ್ರಾಸಿನಲ್ಲಿ ವಿಲಿಯಂ ಡಿಗ್ಬಿ ಎಂಬ ಸಜ್ಜನನು ಆ ನಿಧಿಯ ಕಾರ್ಯದರ್ಶಿಯಾಗಿ ದುಡಿದನು. ಆದರೆ ಅದೇ ಬರದ ನಡುವೆ, 1877ನೆಯ ಜನವರಿ 1ರಂದು, ದಿಲ್ಲಿಯಲ್ಲಿ ಲಾರ್ಡ್ ಲಿಟನ್ನನ ದರ್ಬಾರು ವೈಭವದಿಂದ ನಡೆಯಿತು. ಧಾನ್ಯವು ಹಡಗುಗಳಲ್ಲಿ ಹೊರದೇಶಕ್ಕೆ ಹೋಗುತ್ತಲೇ ಇದ್ದಿತು. ಅಂದು ವೇದಿಕೆಯ ಮೇಲಿನ ಚಿತ್ರದಲ್ಲಿದ್ದವರು ನಾವೇ. ಒಂದು ಕೈ ಗಂಜಿಯನ್ನೆರೆಯುತ್ತಿರಲು ಇನ್ನೊಂದು ಕೈ ಕಣಜವನ್ನು ಬಳಿಯುವ ರೀತಿಯನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಪಾಠಶಾಲೆಯಲ್ಲಿ ನಮ್ಮ ಗುರುಗಳು ಗೀತೆಯ ಹದಿನೇಳನೆಯ ಅಧ್ಯಾಯವನ್ನು ಹೇಳುವಾಗ ದಾನಕ್ಕೆ ದೇಶ, ಕಾಲ, ಪಾತ್ರವೆಂಬ ಮೂರನ್ನೂ ನೋಡಬೇಕೆಂಬ ಮಾತಿನಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದರು. ಪ್ರತ್ಯುಪಕಾರವನ್ನು ಬಯಸಿ ಕೊಡುವುದು ರಾಜಸವೆಂಬುದು ಅಲ್ಲಿಯೇ ಇದೆ. ಹುಡುಗತನದಲ್ಲಿ ನಾನು ಇದನ್ನು ಪರೀಕ್ಷೆಗಾಗಿ ಕಲಿತೆನು. ಈಗ ತೋರುವುದೇನೆಂದರೆ, ಸಹಾಯಾರ್ಥ ಗಾಯನವು ಕಾಲವನ್ನು ಬಲ್ಲದು. ಹಸಿವೆಯ ಹೊತ್ತಿಗೆ ಬೇಗ ಓಡಿಬರಬಲ್ಲದು. ದೇಶವನ್ನೂ ಪಾತ್ರವನ್ನೂ ಅದು ಅಷ್ಟಾಗಿ ಅರಿಯದು. ಹಸಿವೆ ಬೇರೆ, ಬಡತನ ಬೇರೆ. ಹಸಿವೆಯು ಒಂದು ದಿನದ್ದು. ಬಡತನವು ನೀರಿನದು, ಸಾಲದ್ದು, ಕೂಲಿಯದು, ಧಾರಣೆಯದು.

ನಮ್ಮ ಸೀಮೆಯನ್ನೇ ನೋಡಿರಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾಯಿತು. ಎಡದಂಡೆಯ ಕಾಲುವೆಯು ಸುರಪುರ, ಶಹಾಪುರಗಳ ಹೊಲಗಳಿಗೆ ಬಂದಿತು. ಜೋಳದ ನೆಲದಲ್ಲಿ ಭತ್ತ ಕಂಡೆವು. ಯಾವ ಗಾಯಕನೂ ಮಾಡಲಾಗದ ಪವಾಡವದು. ಆದರೆ ಕಾಲುವೆಯ ತುದಿಯ ಹಳ್ಳಿಗೆ ನೀರು ಮುಟ್ಟುವ ಮೊದಲೇ ಮುಗಿದುಹೋಗುವುದು. ಆ ತುದಿಯ ರೈತನೇ ದೀಪಾವಳಿ ಕಳೆದೊಡನೆ ಹೆಂಡತಿ ಮಕ್ಕಳ ಸಹಿತ ಗಂಟು ಕಟ್ಟಿ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಹೊರಡುವವನು. ಅವನಿಗೆ ಬೇಕಾದುದು ಹತ್ತು ಕಿಲೋ ಜೋಳವಲ್ಲ, ಸರದಿ ತಪ್ಪದ ನೀರು.

ಹಾಗಾದರೆ ಸಂಗೀತವು ಬಡತನವನ್ನು ನೀಗಿದ ದೃಷ್ಟಾಂತವೇ ಇಲ್ಲವೆ? ಇದೆ, ದೂರ ಹೋಗಬೇಕಾಗಿಲ್ಲ, ಗದಗಿಗೆ ಹೋದರೆ ಸಾಕು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಭಿಕ್ಷೆಯನ್ನು ಕೊಡಲಿಲ್ಲ, ಸಂಗೀತವನ್ನು ಕಲಿಸಿದರು. ಗವಾಯಿಗಳು ಅಂಧರೂ ಅನಾಥರೂ ಆದ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗಿ, ಹಾಡಿ, ಬಂದುದರಲ್ಲಿ ಅವರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಇದೇ ಮುಂದೆ ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು, ಅವರೂ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡವರು, ಆ ನೊಗವನ್ನು ಹೊತ್ತು 2010ರ ವರೆಗೆ ಎಳೆದರು. ನಾಟಕಗಳನ್ನು ಬರೆದು ಕಂಪನಿಯಿಂದಾಡಿಸಿದರು. ಭಕ್ತರು ನಾಣ್ಯಗಳಿಂದ ತುಲಾಭಾರ ಮಾಡಿದರೆ ಆ ನಾಣ್ಯವು ಮಕ್ಕಳ ರೊಟ್ಟಿಯಾಯಿತು. ಇವೂ ಸಹಾಯಾರ್ಥ ಪ್ರದರ್ಶನಗಳೇ ತಾನೆ? ಆದರೆ ಭೇದವನ್ನು ನೋಡಿರಿ. ಅಲ್ಲಿ ಹಾಡುವವನೂ ಉಣ್ಣುವವನೂ ಒಂದೇ ಚಾಪೆಯ ಮೇಲೆ ಕುಳಿತರು. ಇಂದು ಪಡೆದವನು ನಾಳೆ ಪೇಟಿ ಹಿಡಿದು ತಾನೇ ಗಳಿಸತಕ್ಕವನಾದನು. ಬಸವರಾಜ ರಾಜಗುರುಗಳಂಥವರು ಅದೇ ಗುರುವಿನ ಗರಡಿಯಿಂದ ಬಂದವರು. ಆ ಆಶ್ರಮದಲ್ಲಿ ಕಲಿತು, ನಮ್ಮ ಕಡೆಯ ಶಾಲೆಗಳಲ್ಲಿ ಸಂಗೀತ ಕಲಿಸಿ ಸಂಸಾರ ಸಾಗಿಸಿದ ಅಂಧ ಮಾಸ್ತರರೊಬ್ಬರು ನನ್ನ ಸಹೋದ್ಯೋಗಿಗಳಾಗಿದ್ದರು. ಸಂಬಳದ ದಿನ ನೋಟುಗಳನ್ನು ಬೆರಳಿನಿಂದಲೇ ಎಣಿಸಿ, ಒಂದನ್ನು ಬೇರೆಯಾಗಿ ಮಡಿಚಿ ಗದಗಿಗೆಂದು ಇಡುತ್ತಿದ್ದರು.

ಎರಡು ದಿನಗಳಾದ ಮೇಲೆ ತರುಣರು ಬಂದರು. ನಾನು ಮೂರು ಮಾತು ಹೇಳಿದೆನು. ಹಣವು ಒಂದು ದಿನದ ನೋಟುಪುಸ್ತಕಕ್ಕೆ ಹೋಗಬಾರದು. ತಾಯಿತಂದೆಗಳು ಗುಳೆ ಹೋದಾಗ ಅಜ್ಜಿಯ ಬಳಿಯಲ್ಲುಳಿದು ಶಾಲೆಗೆ ಬರುವ ಮಕ್ಕಳನ್ನು ಹೆಸರು ಹಿಡಿದು ಗೊತ್ತುಮಾಡಿ, ಯುಗಾದಿಯ ವರೆಗೆ ಅವರ ರಾತ್ರಿಯ ಊಟಕ್ಕೆ ನಡೆಯಬೇಕು. ಬಂದುದನ್ನೂ ಖರ್ಚಾದುದನ್ನೂ ಬರೆದು ಹನುಮಂತದೇವರ ಗುಡಿಯ ಗೋಡೆಗೆ ಅಂಟಿಸಬೇಕು. ಮೊದಲ ಸಾಲಿನಲ್ಲಿ ಕುಳಿತುಕೊಳ್ಳಲಿರುವ ಮುಖ್ಯ ಅತಿಥಿಗಳ ಎದುರಿಗೆ, ಗಾಯಕರು ಬಾಯಿ ತೆರೆಯುವ ಮೊದಲು, ಕಾಲುವೆಯ ತುದಿಯ ನೀರಿನ ಅರ್ಜಿಯನ್ನು ಆ ಹಳ್ಳಿಯವನೊಬ್ಬನೇ ಓದಬೇಕು.

ಮೊದಲನೆಯದಕ್ಕೆ ಕೂಡಲೆ ಒಪ್ಪಿದರು. ಎರಡನೆಯದಕ್ಕೆ ಮುಖಮುಖ ನೋಡಿಕೊಂಡು ಒಪ್ಪಿದರು. ಮೂರನೆಯದಕ್ಕೆ ನನ್ನ ಶಿಷ್ಯನು ತಲೆ ಕೆರೆದುಕೊಂಡು, “ಸಾಹೇಬ್ರು ಸಿಟ್ಟಾಗ್ತಾರ್ರಿ ಸರ, ಕೇಳಿ ಹೇಳ್ತೀವ್ರಿ” ಎಂದನು. ಆ ಉತ್ತರವು ಇನ್ನೂ ಬಂದಿಲ್ಲ. ಅಧ್ಯಕ್ಷ ಪೀಠದ ಮಾತನ್ನು ನಾನೂ ಅಷ್ಟಕ್ಕೇ ನಿಲ್ಲಿಸಿದ್ದೇನೆ. ಆದರೆ ಮಕ್ಕಳ ಪಟ್ಟಿಯನ್ನು ಅವರು ತಂದುಕೊಟ್ಟುದರಿಂದ ಹತ್ತು ಟಿಕೇಟುಗಳನ್ನು ತೆಗೆದುಕೊಂಡೆನು.

ಮರುದಿನ ಬೆಳಿಗ್ಗೆ ಗಂಜಿಗೆ ಹೋದೆನು. ಆ ಹಮಾಲನು ಈಗ ಚೀಲ ಹೊರುವುದಿಲ್ಲ. ಬಾಗಿಲಲ್ಲಿ ಕುಳಿತು ಕಾಯುತ್ತಾನೆ. ಟಿಕೇಟೆಂದೊಡನೆ ನನ್ನ ಮುಖವನ್ನು ನೋಡಿದನು. ಅವನು ಕೇಳುವ ಮೊದಲೇ ನಾನು ಕನ್ನಡಕವನ್ನೇರಿಸಿಕೊಂಡು ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದೆನು. ನಡುವೆ ಒಂದು ಹೆಸರಿಗೆ “ಯಾವ ಓಣ್ಯಾಂವ್ರಿ?” ಎಂದು ಕೇಳಿ ತಿಳಿದುಕೊಂಡನು. ಆಮೇಲೆ ಹಣವನ್ನೆಣಿಸಿ ಕೊಟ್ಟು, ಟಿಕೇಟನ್ನು ನಾಲ್ಕಾಗಿ ಮಡಿಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡನು. ಹಾಡುವವರು ಯಾರೆಂದು ಕೇಳಲಿಲ್ಲ.