ಕಾರಿನ ಕಸುವು

ಅರಸೀಕೆರೆಯೆಂದೊಡನೆ ಹೊರಗಿನವರಿಗೆ ಹಾಸನದ ಸೀಮೆಯ ರೈಲು ಜಂಕ್ಷನ್ನೇ ನೆನಪಾಗುವುದು. ನಮ್ಮದು ಅದಲ್ಲ, ಹರಪನಹಳ್ಳಿ ತಾಲ್ಲೂಕಿನ, ಉಚ್ಚಂಗಿದುರ್ಗದ ನೆರೆಯ ಅರಸೀಕೆರೆ. ನಮಗೆ ಎಲ್ಲಕ್ಕೂ ರಸ್ತೆಯೇ ಗತಿ. ಕಚೇರಿಗೆ ಹರಪನಹಳ್ಳಿ, ಜಾತ್ರೆಗೆ ಕೊಟ್ಟೂರು, ಜವಳಿಗೂ ವೈದ್ಯರಿಗೂ ದಾವಣಗೆರೆ. ಆದಕಾರಣ ಮನೆಯಲ್ಲೊಂದು ಕಾರಿರುವುದು ಈಗ ವೈಭವವೆನಿಸದೆ ಅನುಕೂಲವೆನಿಸಿದೆ. ನಾನು ಕೊಂಡುದು ಮೂರು ಸಿಲಿಂಡರಿನ ಪುಟ್ಟ ಪೆಟ್ರೋಲ್ ಕಾರು. ಆದರೆ ಟರ್ಬೊ ಉಳ್ಳದ್ದು. ಆ ಎರಡಕ್ಷರದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇದ್ದಿತೆಂದು ಒಪ್ಪಿಕೊಳ್ಳಬೇಕು.

ಆ ಹೆಮ್ಮೆಗೆ ಪೆಟ್ಟು ಬಿದ್ದುದು ಕಳೆದ ಕಾರ್ತಿಕ ಮಾಸದಲ್ಲಿ. ಕುಮಾರಸ್ವಾಮಿಯ ದರ್ಶನಕ್ಕೆಂದು ಕೂಡ್ಲಿಗಿಯ ಮಾರ್ಗವಾಗಿ ಸಂಡೂರಿಗೆ ಹೋಗಿದ್ದೆವು. ಬೆಟ್ಟದ ಏರಿನಲ್ಲಿ ಐದು ಜನರನ್ನು ಹೊತ್ತ ಕಾರು ಏದುಸಿರು ಬಿಡತೊಡಗಿತು. ಹಿಂದಿನ ಆಸನದಿಂದ ನನ್ನ ಭಾವಮೈದುನನು, “ಭಾವಾ, ಇಳಿದು ತಳ್ಳಲೇನು?” ಎಂದನು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಊರಿಗೆ ಹಿಂದಿರುಗಿದವನೇ ಕಾರಿನ ಕಸುವು ಹೆಚ್ಚಿಸುವ ಉಪಾಯಗಳನ್ನು ಹುಡುಕಲಾರಂಭಿಸಿದೆನು. ದಾವಣಗೆರೆಯ ಅಂಗಡಿಯೊಂದರಲ್ಲಿ ಪಟ್ಟಿಯನ್ನೇ ಬರೆದುಕೊಟ್ಟರು: ತೆರೆದ ಬಾಯಿಯ ಗಾಳಿಸೋಸುಕ, ಗೇರು ಬದಲಿಸುವಾಗ ‘ಬುಸ್’ ಎನ್ನುವ ಕವಾಟ, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕಾಚಾರ. ಒಟ್ಟು 38,000 ರೂಪಾಯಿ. ಮಾಳಿಗೆಯ ಸೋರುವಿಕೆಯನ್ನು ನಿಲ್ಲಿಸಲೆಂದು ಕೂಡಿಟ್ಟ ಹಣ ಹೆಚ್ಚುಕಡಮೆ ಅಷ್ಟೇ ಇದ್ದಿತು. ನನ್ನಾಕೆ ಪಟ್ಟಿಯನ್ನು ನೋಡಿ, “ಕಾರು ಬುಸ್ ಎಂದರೆ ಮಾಳಿಗೆ ಸೋರುವುದು ನಿಲ್ಲುತ್ತದೆಯೇ?” ಎಂದಷ್ಟೇ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡೆನು.

ಇಲ್ಲಿ ಟರ್ಬೊ ಎಂಬುದು ಏನೆಂದು ಹೇಳುವುದು ಉಚಿತ. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಇದು ಹಾಗೆ. ವ್ಯರ್ಥವಾಗಿ ಹೊರಗೆ ಹೋಗುವ ಬಿಸಿ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ; ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಅದುಮಿ ಒಳಕ್ಕೆ ನೂಕುತ್ತದೆ. ಗಾಳಿ ಹೆಚ್ಚಾದರೆ ಇಂಧನವನ್ನೂ ಹೆಚ್ಚು ಉರಿಸಬಹುದು. ಸಣ್ಣ ಎಂಜಿನ್ನಿಗೆ ದೊಡ್ಡದರ ಬಲ ಬರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿಯೇ ಇದರ ಹಕ್ಕುಪತ್ರ ಪಡೆದನು. ಅಮೆರಿಕದಲ್ಲಿ ಇದು ಮಾರಾಟದ ಕಾರುಗಳಿಗೆ ಬಂದುದು 1962ರಲ್ಲಿ. ಆ ಚಕ್ರವು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲುದು. ಅದನ್ನು ಕಾಯುವುದು ಎಂಜಿನ್ ಎಣ್ಣೆಯ ತೆಳ್ಳನೆಯ ಪದರವೊಂದೇ. ಅದುಮಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳುವಾಗುತ್ತದೆ. ಆದುದರಿಂದ ಅದನ್ನು ತಣಿಸಲು ನಡುವೆ ಇಂಟರ್‌ಕೂಲರ್ ಎಂಬ ಜಾಲರಿಯ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ.

ಹಣ ಕೊಡುವುದಕ್ಕೆ ಮುಂಚೆ, ನಮ್ಮ ಹಳೆಯ ಮೇಸ್ತ್ರಿಯವರಿಗೊಮ್ಮೆ ಪಟ್ಟಿಯನ್ನು ತೋರಿಸೋಣವೆನ್ನಿಸಿತು. ಅವರು ಕನ್ನಡಕವನ್ನು ಹಣೆಗೇರಿಸಿ ಓದಿ, ಒಂದೊಂದನ್ನೇ ವಿಚಾರಿಸಿದರು.

“ತೆರೆದ ಸೋಸುಕ ಎಂಜಿನ್ನಿನ ಪಕ್ಕದ ಬಿಸಿಗಾಳಿಯನ್ನೇ ಹೀರುತ್ತದೆ ಯಜಮಾನರೇ; ನಮ್ಮ ಸೀಮೆಯ ಧೂಳಿಗಂತೂ ಅದು ತಕ್ಕುದಲ್ಲ. ಈ ಬುಸ್ ಕವಾಟ, ಕಂಪ್ಯೂಟರು ಅಳೆದು ಲೆಕ್ಕ ಹಿಡಿದ ಗಾಳಿಯನ್ನು ಬಯಲಿಗೆ ಬಿಡುತ್ತದೆ. ಪೆಟ್ರೋಲು ದಂಡ, ಸದ್ದು ಮಾತ್ರ ಲಾಭ. ಇನ್ನು ಲೆಕ್ಕಾಚಾರ ಬದಲಿಸುವುದು. ಅದರಿಂದ ಬಲ ಬರುವುದು ನಿಜ, ಸುಳ್ಳು ಹೇಳಲಾರೆ. ಆದರೆ ಆ ಬಲವನ್ನು ಕ್ಲಚ್ಚು ತಾಳಬೇಕು, ಪಿಸ್ಟನ್ನು ತಾಳಬೇಕು, ಬ್ರೇಕು ತಾಳಬೇಕು.”

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ನೋಂದಣಿಪತ್ರವು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆಯನ್ನಾಗಲಿ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಲು ಎಡೆಮಾಡಿದೆ. ಅಪಘಾತವಾದಾಗ ವಿಮೆಯವರು ತಕರಾರೆತ್ತಲು ಬೇರೆ ಕಾರಣ ಬೇಕಿಲ್ಲ. ಪಟ್ಟಿ ಕೊಟ್ಟವರು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಇದ್ದ ಬಲ ಎಲ್ಲಿ ಹೋಯಿತೆಂದು ಮೊದಲು ನೋಡೋಣ” ಎಂದು ಮೇಸ್ತ್ರಿಗಳು ಕಾರಿನ ಮುಸುಕು ಎತ್ತಿಸಿದರು. ಸೋಸುಕದ ಪೆಟ್ಟಿಗೆಯನ್ನು ಬಿಚ್ಚಿದಾಗ ನನಗೆ ನಾಚಿಕೆಯಾಯಿತು. ಬಿಳಿಯ ಕಾಗದದ ಮಡಿಕೆಗಳೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ನಡುನಡುವೆ ಮೆಕ್ಕೆಜೋಳದ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಕಾಳು ಹರಡುವ ನಾಡು ನಮ್ಮದು. ಕಾರು ನಮಗೆ ಕಾಣದಂತೆ ಒಂದು ಕಣವನ್ನೇ ಮಾಡಿಕೊಂಡಿತ್ತು! ಆಮೇಲೆ ಅವರು ಇಂಟರ್‌ಕೂಲರಿಗೆ ಹೋಗುವ ರಬ್ಬರು ಕೊಳವೆಯ ಕೀಲನ್ನು ಬೆರಳಿನಿಂದ ಸವರಿ ತೋರಿಸಿದರು. ಎಣ್ಣೆಯ ಜಿಡ್ಡು ಹತ್ತಿತು. ಬಿಗಿಪಟ್ಟಿ ಸಡಿಲವಾಗಿ ಅದುಮಿದ ಗಾಳಿಯೆಲ್ಲ ಅಲ್ಲಿಯೇ ಸೋರುತ್ತಿತ್ತು. ನಮ್ಮ ಮಾಳಿಗೆಯಂತೆಯೇ ಕಾರೂ ಸೋರುತ್ತಿದ್ದುದನ್ನು ಕಂಡು ನನಗೆ ನಗೆ ಬಂದಿತು.

ಹೊಸ ಸೋಸುಕ, ಹೊಸ ಬಿಗಿಪಟ್ಟಿ, ಕೂಲಿ ಎಲ್ಲ ಸೇರಿ 900 ರೂಪಾಯಿ ಆಯಿತು. ಕಾರು ಕೊಂಡ ದಿನದ ಚುರುಕು ಮರಳಿ ಬಂದಿತು.

ಹೊರಡುವಾಗ ಮೇಸ್ತ್ರಿಗಳು ಟೈರಿನ ಗೀರಿನಲ್ಲಿ ಒಂದು ನಾಣ್ಯವನ್ನು ನಿಲ್ಲಿಸಿ ತೋರಿಸಿದರು. ಅದು ನಿಲ್ಲುವಷ್ಟು ಆಳವೂ ಉಳಿದಿರಲಿಲ್ಲ. “ಖರ್ಚು ಮಾಡಲೇಬೇಕೆಂದಿದ್ದರೆ ಇಲ್ಲಿ ಮಾಡಿರಿ. ಓಡುವುದಕ್ಕಿಂತ ಮುಂಚೆ ನಿಲ್ಲುವುದನ್ನು ಕಲಿಸಬೇಕು.” ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಕಾರು ಸಾಗುವ ದೂರ ಸುಮಾರು ನಾಲ್ಮಡಿಯಾಗುವುದೆಂದು ಶಾಲೆಯಲ್ಲಿ ಓದಿದ್ದೆ, ಅದು ನನ್ನ ಟೈರಿಗೂ ಅನ್ವಯಿಸುವುದೆಂದು ಎಂದೂ ಯೋಚಿಸಿರಲಿಲ್ಲ. ಒಳ್ಳೆಯ ಟೈರು ನಾಲ್ಕಕ್ಕೆ 24,000, ಬ್ರೇಕಿನ ಪ್ಯಾಡು ಮತ್ತು ತೇವವನ್ನು ಹೀರಿ ಕೆಟ್ಟಿದ್ದ ಬ್ರೇಕು ದ್ರವವನ್ನು ಬದಲಿಸುವುದಕ್ಕೆ 4,500. ಉಳಿದ 8,600 ರೂಪಾಯಿಯನ್ನು ಮನೆಯಾಕೆಯ ಕೈಗೆ ಒಪ್ಪಿಸಿದೆ. ಅಡಿಗೆಮನೆಯ ಮೇಲಿನ ಮಾಳಿಗೆಯಷ್ಟಾದರೂ ದುರಸ್ತಿಯಾಯಿತು.

ಮೇಸ್ತ್ರಿಗಳು ಕೊಟ್ಟ ಇನ್ನೊಂದು ಬುದ್ಧಿವಾದಕ್ಕೆ ಕಾಸೂ ಬೇಡ: ಎಣ್ಣೆಯನ್ನು ತಪ್ಪದೆ ಕಾಲಕ್ಕೆ ಸರಿಯಾಗಿ ಬದಲಿಸುವುದು, ದೀರ್ಘವಾದ ಏರು ಹತ್ತಿ ನಿಂತೊಡನೆ ಎಂಜಿನ್ನನ್ನು ಆರಿಸದೆ ಒಂದು ನಿಮಿಷ ಹಾಗೆಯೇ ಬಿಡುವುದು. ಕಾದ ಟರ್ಬೊದೊಳಗೆ ಎಣ್ಣೆ ನಿಂತರೆ ಸುಟ್ಟು ಕಿಟ್ಟವಾಗುತ್ತದೆ. ಓಡಿ ಬಂದ ಎತ್ತಿಗೆ ದಣಿವಾರಿಸಿಕೊಳ್ಳಲು ಬಿಡುವು ಕೊಡುವ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಒಂದು ತಿಂಗಳ ಮೇಲೆ ತಾಯಿಯವರನ್ನು ದಾವಣಗೆರೆಯಲ್ಲಿ ಕಣ್ಣಿನ ವೈದ್ಯರಿಗೆ ತೋರಿಸಿಕೊಂಡು ರಾತ್ರಿ ಹಿಂದಿರುಗುತ್ತಿದ್ದೆನು. ತಿರುವಿನಾಚೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರೊಂದು ಮೆಕ್ಕೆಜೋಳದ ಮೂಟೆಗಳನ್ನು ಹೇರಿಕೊಂಡು ರಸ್ತೆಯ ನಡುವೆ ಕೆಟ್ಟು ನಿಂತಿದ್ದಿತು. ಬ್ರೇಕನ್ನು ಬಲವಾಗಿ ಅದುಮಿದೆನು. ಟೈರುಗಳು ನೆಲವನ್ನು ಕಚ್ಚಿ ಹಿಡಿದವು. ಕಾರು ಜಾರದೆ, ಓರೆಯಾಗದೆ, ಮೂಟೆಗಳಿಂದ ಎರಡು ಮಾರು ದೂರದಲ್ಲಿ ನಿಂತಿತು. ನನ್ನ ಕೈಗಳು ನಡುಗುತ್ತಿದ್ದವು.

ತೂಕಡಿಸುತ್ತಿದ್ದ ತಾಯಿ ಕಣ್ಣು ತೆರೆದು, “ಯಾಕಪ್ಪಾ, ಊರು ಬಂತೇನು?” ಎಂದರು.

“ಇಲ್ಲವ್ವಾ, ಇನ್ನೂ ಸ್ವಲ್ಪ ದೂರವಿದೆ” ಎಂದೆನು. ಮತ್ತೆ ಹೊರಡಲು ಆತುರಪಡಲಿಲ್ಲ.