ಮುದುಕನ ಮಾರಿ, ಹಾಲುಹಲ್ಲು

ನಮ್ಮ ಕೊಕಟನೂರಿನಲ್ಲಿ ಯಾವುದನ್ನೂ ಹಲ್ಲು ನೋಡದೆ ಕೊಳ್ಳುವ ಪದ್ಧತಿ ಇಲ್ಲ. ಯಲ್ಲಮ್ಮನ ಜಾತ್ರೆಗೆ ದನ ಬಂದು ಕಟ್ಟಿದವೆಂದರೆ ಸಾಲಿಗೆ ಹೋಗುವ ಹುಡುಗ ಕೂಡ ಹೋರಿಯ ತುಟಿ ಮಗುಚಿ, ‘ಎರಡು ಹಲ್ಲು’, ‘ನಾಕು ಹಲ್ಲು’, ‘ಬಾಯಿಗೂಡೇತಿ’ ಎಂದು ವಯಸ್ಸು ಹೇಳುತ್ತಾನೆ. ಹೀಗಾಗಿ ಕಳೆದ ಜಾತ್ರೆಯ ಹೊತ್ತಿಗೆ ಪುಣೆಯಿಂದ ನನ್ನ ಅಕ್ಕನ ಮಗ ಹೊಸ ಕಾರು ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದಾಗ, ಎದುರು ಮನೆಯ ಮುತ್ಯಾ ಕೋಲು ಊರಿಕೊಂಡು ಎದ್ದು ಬಂದ. ಅವನ ಆಯುಷ್ಯವೆಲ್ಲ ಎತ್ತಿನ ದಲ್ಲಾಳಿಕೆಯಲ್ಲಿ ಕಳೆದದ್ದು. ಕಾರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದ:

“ಎಷ್ಟು ಹಲ್ಲಿಂದಪಾ ಇದು?”

“ಹೊಸಾದು ಮುತ್ಯಾ. ತಂದು ತಿಂಗಳಾಗಿಲ್ಲ.”

“ಮತ್ತ ಮಾರಿ ಯಾಕ ನಮ್ಮ ಕಾಲದ್ದೈತಿ?”

“ಅದಽ ಇದರ ಫ್ಯಾಶನ್. ರೆಟ್ರೋ ಅಂತಾರ.”

“ಮಾರಿ ಮುದುಕಂದು, ಹಲ್ಲು ಹಾಲಿಂದು. ಸಂತ್ಯಾಗ ಇಂಥಾದ್ದು ಹಿಡಕೊಂಡು ಬಂದವನ ಕೂಡ ನಾವು ಲಗೂನ ಯಾಪಾರಕ್ಕ ಕುಂದರತಿದ್ದಿಲ್ಲ.”

ಕಾರಿನ ಹೆಸರು ನಾನು ಹೇಳುವುದಿಲ್ಲ. ಸಂತೆಯಲ್ಲಿ ಎತ್ತಿನ ಸುಳಿ ಆಡಿ ತೋರಿಸಬಹುದು, ಒಡೆಯನ ಹೆಸರು ಆಡಬಾರದು ಎಂಬುದು ಮುತ್ಯಾನೇ ಕಲಿಸಿದ ಮರ್ಯಾದೆ. ಬೆಣ್ಣೆಯ ಬಣ್ಣ, ಗುಂಡು ಕಣ್ಣಿನಂಥ ದೀಪ, ಎರಡೇ ಬಾಗಿಲು ಎಂದರೆ ಸಾಕು.

ಈ ಕುಲದ ಕಥೆ ಸ್ವಾರಸ್ಯದ್ದು. 1991ರಲ್ಲಿ ಜಪಾನಿನ ನಿಸಾನ್ ಕಂಪನಿ ‘ಫಿಗಾರೊ’ ಎಂಬ ಕಾರು ಮಾಡಿತು. ಮೇಲೆ ಹಳೆಯ ಕಾಲದ ಚೆಲುವು, ಒಳಗೆ ತನ್ನದೇ ಮೈಕ್ರಾ. ಮಾಡಿದ್ದು 20,000, ಕೇಳಿದವರು ಹೆಚ್ಚಾಗಿ ಲಾಟರಿ ಎತ್ತಿ ಹಂಚಬೇಕಾಯಿತು. ಆಮೇಲೆ ಹೊಸ ಬೀಟಲ್ ಬಂತು. ಹಳೆಯ ಬೀಟಲ್‌ನ ಎಂಜಿನ್ ಬೆನ್ನಿಗಿತ್ತು, ಹೊಸದರದು ಮೂಗಿಗೆ ಬಂತು. ಗಾಲ್ಫ್ ಕಾರಿನ ಎಲುಬಿನ ಮೇಲೆ ಬೀಟಲ್‌ನ ಚರ್ಮ. 2001ರಲ್ಲಿ ಹೊಸ ಮಿನಿ, 2007ರಲ್ಲಿ ಹೊಸ ಫಿಯಾಟ್ 500. ಕೊಂಬು ಹೆರೆದು, ಬಣ್ಣ ಬಳಿದು ಎತ್ತಿನ ವಯಸ್ಸು ಮುಚ್ಚುವವರನ್ನು ನಮ್ಮ ಜಾತ್ರೆ ಬೇಕಾದಷ್ಟು ಕಂಡಿದೆ. ವಯಸ್ಸು ಹೆಚ್ಚು ತೋರಿಸಿ ಬೆಲೆ ಏರಿಸುವ ವಿದ್ಯೆ ಮಾತ್ರ ನಮಗೆ ಹೊಸದು.

ಆ ಹಳೆಯ ಕಾರುಗಳು ಯಾಕೆ ಅಷ್ಟು ಚಿಕ್ಕವಿದ್ದವು? ಬಡತನಕ್ಕೆ. 1956ರಲ್ಲಿ ಸುಯೆಜ್ ಕಾಲುವೆಯ ಗದ್ದಲವಾಗಿ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆ ತಾಪತ್ರಯದಲ್ಲಿ ಅಲೆಕ್ ಇಸಿಗೋನಿಸ್ ಮಿನಿಯ ನಕ್ಷೆ ಎಳೆದ. ಹತ್ತು ಅಡಿ ಉದ್ದದ ಕಾರು, ಹತ್ತು ಇಂಚಿನ ಗಾಲಿ. ಎಂಜಿನ್ನನ್ನು ಅಡ್ಡ ಮಲಗಿಸಿ, ಉದ್ದದ ಹೆಚ್ಚಿನ ಪಾಲನ್ನೆಲ್ಲ ಕೂಡುವವರಿಗೆ ಬಿಟ್ಟುಕೊಟ್ಟ. ಇಟಲಿಯಲ್ಲಿ ದಾಂತೆ ಜಿಯಾಕೋಸಾ 1957ರಲ್ಲಿ ಮಾಡಿದ ಫಿಯಾಟ್ 500ಕ್ಕೆ 479 ಸಿಸಿಯ ಎಂಜಿನ್. ಸ್ಕೂಟರ್ ಮೇಲೆ ಹೆಂಡತಿ ಮಕ್ಕಳನ್ನು ಹೇರಿಕೊಂಡು ಹೋಗುವವರ ತಲೆಯ ಮೇಲೊಂದು ಮಾಡು ಬರಲಿ ಎಂಬ ಲೆಕ್ಕ. ದುಂಡು ಮೈ ಮಾಡಿದ್ದು ಚೆಂದಕ್ಕಲ್ಲ, ತಗಡು ಉಳಿಯಲೆಂದು. ಅಂದು ತಗಡು ಉಳಿಸಿದ ದುಂಡಿಗೆ ಇಂದು ನಾವು ಹೆಚ್ಚಿನ ರೊಕ್ಕ ಕೊಡುತ್ತಿದ್ದೇವೆ. ಮೊದಲಿನ ಮಿನಿ 3.05 ಮೀಟರ್ ಇದ್ದದ್ದು ಈಗ 3.8 ದಾಟಿದೆ. ಮೈ ಬೆಳೆಯಿತು, ಹಿಂದಿನ ಸೀಟು ಆ ಲೆಕ್ಕಕ್ಕೆ ಬೆಳೆಯಲಿಲ್ಲ.

ನಮ್ಮ ಕಡೆಗೆ ಹಳೆಯ ಕಾರೆಂದರೆ ಎರಡೇ. ಒಂದು ಅಂಬಾಸಿಡರ್, 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರಖಾನೆಯೊಳಗೆ ಅದರ ತಯಾರಿಕೆ ನಿಂತಿತು. ಇನ್ನೊಂದು ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿ ಆದರೂ ಊರ ಬಾಯಲ್ಲಿ ಕಡೆತನಕ ‘ಪಿಯಾಟ’. 1089 ಸಿಸಿ, ನಲ್ವತ್ತರ ಆಸುಪಾಸಿನ ಅಶ್ವಶಕ್ತಿ. ಅದರ ಗೇರು ಸ್ಟೇರಿಂಗಿನ ಪಕ್ಕಕ್ಕಿತ್ತು. ಅದರ ಉಪಕಾರ ನನಗೆ ತಿಳಿದದ್ದು ನನ್ನ ಮದುವೆಯ ದಿನ. ನೆಲದ ಮೇಲೆ ಗೇರಿಲ್ಲದ್ದರಿಂದ ಮುಂದಿನ ಸೀಟು ಒಂದೇ ಪಟ್ಟಾ. ಡ್ರೈವರ್, ಮಾವ, ಮಾವನ ಮಡಿಲಲ್ಲಿ ಒಂದು ಕೂಸು, ಪಕ್ಕಕ್ಕೆ ಭಟ್ಟರು. ಹಿಂದೆ ನಾವು ಎಷ್ಟು ಮಂದಿ ಇದ್ದೆವು ಎಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವಾದ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು ಎಂದು ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ಪಟ್ಟಾ ಸೀಟು. ಹಳೆಯದನ್ನು ನಕಲು ಮಾಡುವವರು ಕಣ್ಣು ನಕಲು ಮಾಡಿದರು, ಮಡಿಲು ಮರೆತರು.

ಇರಲಿ. ಹಲ್ಲು, ಸುಳಿ, ಗೊರಸು ನೋಡಿದ ಮೇಲೆ ಎತ್ತನ್ನು ನೊಗಕ್ಕೆ ಹೂಡಿ ನೋಡಬೇಕು. ಮರುದಿನ ನನ್ನ ಅವ್ವನನ್ನು ಕಣ್ಣು ತೋರಿಸಲು ಮಿರಜಕ್ಕೆ ಕರೆದೊಯ್ಯಬೇಕಿತ್ತು. ನಮ್ಮ ಭಾಗಕ್ಕೆ ದವಾಖಾನೆ ಎಂದರೆ ಮಿರಜ. ಅಥಣಿ, ಕಾಗವಾಡ ದಾಟಿದರೆ ಮಹಾರಾಷ್ಟ್ರ. “ಆಯಿನ್ನ ನನ್ನ ಗಾಡ್ಯಾಗ ಕರಕೊಂಡು ಹೋಗೂಣು ಮಾಮಾ” ಎಂದ ಅಳಿಯ.

ಮೊದಲ ಪರೀಕ್ಷೆ ಹತ್ತುವುದು. ಹಿಂದೆ ಕೂಡಬೇಕಾದರೆ ಮುಂದಿನ ಸೀಟು ಮಡಚಿ, ಸಂದಿಯಲ್ಲಿ ನುಸುಳಬೇಕು. ಎಂಬತ್ತು ದಾಟಿದ ಅವ್ವ ಇಳಕಲ್ ಸೀರೆಯ ನಿರಿಗೆ ಹಿಡಿದು ಸಂದಿಯನ್ನು ನೋಡಿದಳು. “ಇದು ಬಾಗಲಾ ಏನೋ, ಕಿಡಕಿನೋ?” ಕಡೆಗೆ ಅವಳು ಮುಂದೆ, ನಾನು ಹಿಂದೆ. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ನನಗೆ ಅಮಟೆ ಹಾಕಿದ ಭರಣಿಯ ನೆನಪಾಯಿತು.

ಎರಡನೆಯದು ನೆಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ಟ್ರ್ಯಾಕ್ಟರುಗಳದ್ದು. ಒಂದಕ್ಕೆ ಎರಡು ಟ್ರೇಲರ್, ಮೇಲೆ ಮಾಳಿಗೆ ಎತ್ತರ ಕಬ್ಬು, ಊರಿಗೆಲ್ಲ ಕೇಳುವ ಹಾಡು. ಅದಕ್ಕೆ ದಾರಿ ಬಿಡಲು ಡಾಂಬರಿನಿಂದ ಎರೆಮಣ್ಣಿನ ಅಂಚಿಗೆ ಇಳಿಯಲೇಬೇಕು. ಇಳಿದಾಗೊಮ್ಮೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿತು. ಅಳಿಯನ ಮುಖ ತನ್ನ ಹೊಟ್ಟೆಗೇ ತಾಗಿದಂತೆ ಹುಳ್ಳಗಾಯಿತು. ಹಂಪ್ ಬಂದಲ್ಲೆಲ್ಲ ಅವನು ಕಾರನ್ನು ಓರೆ ಮಾಡಿ, ಒಂದೊಂದೇ ಗಾಲಿ ಹತ್ತಿಸಿದ.

ಮೂರನೆಯದು ಹೇರು. ಬರುವಾಗ ಅಥಣಿಯಲ್ಲಿ ಜೋಳ ತರುವುದಿತ್ತು. ಈ ಜಾತಿಯ ಕಾರುಗಳ ಡಿಕ್ಕಿ ಸಣ್ಣದು. ಇತ್ತೀಚಿನ ಎರಡು ಬಾಗಿಲಿನ ಮಿನಿಯದು ಸುಮಾರು 210 ಲೀಟರ್, ಫಿಯಾಟ್ 500ರದು 185. ಕಾಗದದ ಮೇಲೆ 50 ಕಿಲೋದ ಎರಡು ಚೀಲ ಹಿಡಿಯಬೇಕು. ಆದರೆ ಚೀಲಕ್ಕೆ ಲೀಟರಿನ ಭಾಷೆ ತಿಳಿಯುವುದಿಲ್ಲ. ಒಂದು ಚೀಲ ಡಿಕ್ಕಿಯಲ್ಲಿ ಕೂತಿತು, ಇನ್ನೊಂದು ನನ್ನ ಪಕ್ಕಕ್ಕೆ.

ಗುಣವನ್ನೂ ಹೇಳಬೇಕು, ಇಲ್ಲದಿದ್ದರೆ ದಲ್ಲಾಳಿಕೆ ಸುಳ್ಳಾಗುತ್ತದೆ. ಮಿರಜದ ದವಾಖಾನೆಯ ಮುಂದೆ ದೊಡ್ಡ ಗಾಡಿಗಳು ಜಾಗ ಹುಡುಕಿ ಸುತ್ತುತ್ತಿದ್ದಾಗ ನಮ್ಮದು ಎರಡು ರಿಕ್ಷಾಗಳ ನಡುವೆ ಮೆಲ್ಲಗೆ ಸೇರಿಕೊಂಡಿತು. ಅಥಣಿ ಪೇಟೆಯ ಓಣಿಯಲ್ಲಿ ಒಂದೇ ಏಟಿಗೆ ತಿರುಗಿತು. ಖಾಲಿ ರಸ್ತೆ ಸಿಕ್ಕಾಗ ಓಡಿದ್ದು ಮಾತ್ರ ಖಿಲಾರಿ ಹೋರಿಯ ಹಾಗೆ, ನೇರ ಮತ್ತು ಚುರುಕು. ದಾರಿಯುದ್ದಕ್ಕೂ ಮಕ್ಕಳು ಕೈ ಬೀಸಿದರು. ಕನ್ನಡಕದ ಒಳಗಿಂದ ಅವ್ವನೂ ತಿರುಗಿ ಕೈ ಬೀಸಿದಳು. ಯಾವ ದೊಡ್ಡ ಕಾರಿನಲ್ಲೂ ಅವಳು ಹಾಗೆ ಮಾಡಿದ್ದು ನಾನು ಕಂಡಿಲ್ಲ.

ಅಥಣಿಯಲ್ಲಿ ಅವ್ವನಿಗೆ ಚಪ್ಪಲಿ ಕೊಂಡೆವು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿಯ ಕೈಗಳಲ್ಲೂ ಹುಟ್ಟುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿಯನ್ನು ಫ್ಯಾಶನ್ ಮೆರವಣಿಗೆಯಲ್ಲಿ ತೋರಿಸಿ, ಅದರ ಮೂಲ ಭಾರತದ್ದೆಂದು ಆಮೇಲೆ ಒಪ್ಪಿಕೊಂಡಿತು. ಅಲ್ಲಿ ಅದು ಹಳೆಯ ಕಾಲದ ಚೆಲುವು. ಇಲ್ಲಿ ಅವ್ವ ಮೆಟ್ಟಿ ನೋಡಿ, “ಹೆಬ್ಬಟ್ಟ ಬಿಗಿ ಆಗ್ತೈತಿ, ಎಣ್ಣಿ ಹಚ್ಚಿದ್ರ ಸಡ್ಲಾದೀತು” ಎಂದಳು. ಅಜ್ಜಿಯ ಕಾಲದ ಅದೇ ಆಕಾರ, ಆದರೂ ಅದಕ್ಕೆ ರೆಟ್ರೋ ಎಂದು ಯಾರೂ ಅನ್ನುವುದಿಲ್ಲ. ಅದು ಬಳಕೆ ಬಿಟ್ಟು ಹೋಗಿಯೇ ಇಲ್ಲ, ತಿರುಗಿ ಬರುವುದು ಎಲ್ಲಿಂದ? ನಿತ್ಯ ಮೆಟ್ಟುವ ಕಾಲು ಅದನ್ನು ತಲೆಮಾರಿನಿಂದ ತಿದ್ದುತ್ತ ಬಂದಿದೆ. ಅಳಿಯನ ಕಾರನ್ನು ತಿದ್ದಿದ್ದು ಬರೀ ನೋಡುವ ಕಣ್ಣು.

ಸಂಜೆ ಬೇವಿನ ಗಿಡದ ಕೆಳಗೆ ಮುತ್ಯಾ ಕಾಯುತ್ತಿದ್ದ. ಹೆಗಲ ಮೇಲಿನ ವಸ್ತ್ರವನ್ನು ಕೈಮೇಲೆ ಹಾಸಿ, ಅದರಡಿ ನನ್ನ ಬೆರಳು ಹಿಡಿದು ಬೆಲೆ ಕೇಳಿದ. ಅಳಿಯ ಹೇಳಿದ್ದಷ್ಟನ್ನು ನಾನು ಬೆರಳಿನಲ್ಲೇ ಹೇಳಿದೆ. ಮುತ್ಯಾ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡ.

“ಜಾತ್ರಿ ಎತ್ತಪಾ ಇದು. ಝೂಲಾ ಹಾಕಿ ಮೆರವಣಿಗಿ ಮಾಡ್ರಿ, ನೊಗಾ ಹೇರಬ್ಯಾಡ್ರಿ.”

ಅವನ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ. ಪೇಟೆಯಲ್ಲಿ ಗಂಡಹೆಂಡಿರು ಇಬ್ಬರೇ ಇದ್ದು, ರಸ್ತೆ ನುಣುಪಿದ್ದು, ನಿಲ್ಲಿಸಲು ಜಾಗದ ತಾಪತ್ರಯವಿದ್ದರೆ ಇದು ದಿನದ ಕಾರೂ ಆದೀತು, ಧೈರ್ಯವಾಗಿ ಕೊಳ್ಳಿ. ಮನೆಯಲ್ಲಿ ವಯಸ್ಸಾದ ತಾಯಿ, ಊರಲ್ಲಿ ಎರೆಹೊಲ ಇದ್ದವರು ನಾಲ್ಕು ಬಾಗಿಲಿನದು ನೋಡಿ. ಏನೇ ಆಗಲಿ, ಕೊಳ್ಳುವ ಮುಂಚೆ ಶೋರೂಮಿಗೆ ಒಬ್ಬರೇ ಹೋಗಬೇಡಿ. ಅವ್ವನನ್ನು ಕರೆದುಕೊಂಡು ಹೋಗಿ, ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ ನೋಡಿ.