ಲುಕ್ಕಾದಲ್ಲಿ ಅಪ್ಪನ ವಾಕಿಂಗ್

ಇಟಲಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳೋದು, "ಫ್ಲಾರೆನ್ಸಲ್ಲಿ ಎಲ್ಲಿ ಉಳ್ಕೊಂಡಿದ್ರಿ?" ಅಂತ. ಲುಕ್ಕಾದಲ್ಲಿ ಅಂದರೆ, "ಅದೆಲ್ಲಿ ಬರುತ್ತೆ ಮಾರಾಯಾ?" ಅಂತಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ ಈಗ ಬರೀತಿದೀನಿ.

2023ರ ಅಕ್ಟೋಬರಿನಲ್ಲಿ ಅಪ್ಪ ಅಮ್ಮನನ್ನು ಕರಕೊಂಡು ಹೊರಟಾಗ ಅಪ್ಪನಿಗೆ ಬೈಪಾಸ್ ಆಗಿ ಒಂದು ವರ್ಷವಾಗಿತ್ತು. ದಿನಾ ನಾಲ್ಕು ಕಿಲೋಮೀಟರ್ ನಡೀಬೇಕು, ಉಪ್ಪು ಕಮ್ಮಿ ಮಾಡ್ಬೇಕು ಅಂತ ಡಾಕ್ಟರ ಅಪ್ಪಣೆ. ಫ್ಲಾರೆನ್ಸಿನ ಹೋಟೆಲ್ ರೇಟು ನೋಡಿ ತಲೆ ತಿರುಗಿತು. ಮ್ಯಾಪಿನಲ್ಲಿ ರೈಲು ಹಳಿ ಹಿಡಿದು ಪಶ್ಚಿಮಕ್ಕೆ ಬಂದಾಗ ಸಿಕ್ಕಿದ್ದೇ ಲುಕ್ಕಾ. ಪೀಸಾಕ್ಕೆ ಅರ್ಧ ಗಂಟೆ, ಫ್ಲಾರೆನ್ಸಿಗೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಸ್ಟೇಷನ್ನು ಕೋಟೆ ಗೋಡೆಯ ಪಕ್ಕದಲ್ಲೇ. ಐದು ರಾತ್ರಿ ಬುಕ್ ಮಾಡಿ, ದಿನಕ್ಕೊಂದು ಊರು ಅಂತ ಎಕ್ಸೆಲ್ ಶೀಟು ರೆಡಿ ಮಾಡಿದೆ. ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ :-)

ಈ ಊರಿನ ವಿಶೇಷ ಆ ಗೋಡೆಯೇ. ಹದಿನಾರು-ಹದಿನೇಳನೇ ಶತಮಾನದಲ್ಲಿ ಕಟ್ಟಿದ್ದು, ಹಳೇ ಊರನ್ನು ಈಗಲೂ ಪೂರ್ತಿ ಸುತ್ತಿಕೊಂಡಿದೆ. ಗೋಡೆ ಅಂದರೆ ಬರೀ ಕಲ್ಲಿನ ಗೋಡೆಯಲ್ಲ, ಮೇಲೆ ರಸ್ತೆಯಷ್ಟು ಅಗಲ ಜಾಗ, ಸಾಲು ಮರಗಳು, ಸೈಕಲ್ ಹೊಡೆಯೋ ಮಕ್ಕಳು. 1812ರಲ್ಲಿ ಸೆರ್ಕಿಯೋ ನದಿ ಉಕ್ಕಿ ಬಂದಾಗ ಬಾಗಿಲು ಮುಚ್ಚಿಕೊಂಡು ಊರನ್ನು ಉಳಿಸಿದ್ದು ಇದೇ ಗೋಡೆ. ಒಂದು ಸುತ್ತು ಹಾಕಿದರೆ 4.2 ಕಿಲೋಮೀಟರ್.

"ಡಾಕ್ಟರು ಅಳತೆ ಕೊಟ್ಟು ಕಟ್ಸಿದಾರೆ!" ಅಂದರು ಅಪ್ಪ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ ಅಂತ ಗೊತ್ತಾದ ಮೇಲಂತೂ ಇನ್ನೂ ಖುಷಿ. ಬೆಳಿಗ್ಗೆ ಏಳೂವರೆಗೆ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಗೋಡೆಯ ಮೇಲೆ ಹಾಜರ್.

ಮೊದಲು ಪೀಸಾ ಮುಗಿಸಿದೆವು. ಮಾರನೇ ದಿನ ಫ್ಲಾರೆನ್ಸ್. ಉಫೀಜಿ ಮ್ಯೂಸಿಯಮ್ಮಿಗೆ ಮೂರು ಟಿಕೆಟ್ ಮೊದಲೇ ತೆಗೆದಿದ್ದೆ. ಹೊರಡೋ ಹೊತ್ತಿಗೆ ಅಪ್ಪ, "ನೀವಿಬ್ರೂ ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಅಂದರು. ನನಗೆ ರೇಗಿ ಹೋಯ್ತು. "ಇಷ್ಟು ದುಡ್ಡು ಸುರಿದು ಕರ್ಕೊಂಡ್ ಬಂದಿದ್ದು ಇಲ್ಲಿ ಕೂರಕ್ಕಾ?" ಅಂದುಬಿಟ್ಟೆ. ಅಪ್ಪ ಏನೂ ಮಾತಾಡಲಿಲ್ಲ.

ರೈಲಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು. "ಪೀಸಾದಲ್ಲಿ ಕ್ಯೂನಲ್ಲಿ ನಿಂತೂ ನಿಂತೂ ಅವರಿಗೆ ಕಾಲು ನೋವು ಬಂದಿತ್ತು ಕಣೋ. ನಿನ್ನ ಪ್ಲಾನ್ ಕೆಡುತ್ತೆ ಅಂತ ಹೇಳ್ಲಿಲ್ಲ."

ಬೊಟಿಚೆಲ್ಲಿಯ ವೀನಸ್ ಮುಂದೆ ನಿಂತಿದ್ದರೂ ನನ್ನ ತಲೆಯಲ್ಲಿ ಇದ್ದಿದ್ದು ಆ ಮಾತೇ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೇರೆ ಏನನ್ನೂ ನೋಡದೆ ಸಂಜೆಯ ರೈಲು ಹಿಡಿದೆವು.

ಗೋಡೆಯ ಹತ್ತಿರ ಬರೋ ಹೊತ್ತಿಗೆ ಒಂದು ಬೆಂಚಿನ ಮೇಲೆ ಅಪ್ಪ! ಪಕ್ಕದಲ್ಲಿ ಊರಿನವರೊಬ್ಬರು ಅಜ್ಜ. ಇವರಿಗೆ ಇಟಾಲಿಯನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ, ಆದರೂ ಇಬ್ಬರೂ ಎದೆ ಮುಟ್ಟಿಕೊಂಡು ಏನೋ ಹೇಳ್ಕೋತಿದಾರೆ. ಅವರಿಗೂ ಬೈಪಾಸ್ ಆಗಿದೆಯಂತೆ!

"ಕಾಲು ನೋವಲ್ಲೂ ನಡೆದ್ರಾ?" ಅಂದೆ.

"ನಡೆಯೋದು ಸುಲಭ ಕಣೋ, ನಿಲ್ಲೋದೇ ಕಷ್ಟ. ಸ್ವಲ್ಪ ದೂರ ನಡೆದೆ, ಕೂತೆ. ಮತ್ತೆ ನಡೆದೆ" ಅಂದರು. ನಮಗೆ ಅಂತ ಕಾಗದದಲ್ಲಿ ಚೆಚೀನಾ ಕಟ್ಟಿಸಿ ಇಟ್ಟಿದ್ದರು. ಕಡ್ಲೆಹಿಟ್ಟಿಗೆ ಆಲಿವ್ ಎಣ್ಣೆ ಹಾಕಿ ಒಲೆಯಲ್ಲಿ ಬೇಯಿಸಿದ್ದು. ತಣ್ಣಗಾಗಿತ್ತು. ಬೆಳಗಿನ ವಿಷಯ ಅವರೂ ಎತ್ತಲಿಲ್ಲ, ನನಗೂ ಸಾರಿ ಅನ್ನಲು ಬಾಯಿ ಬರಲಿಲ್ಲ. ಮೂವರೂ ಅಲ್ಲೇ ಕೂತು ತಿಂದೆವು.

ಫ್ಲಾರೆನ್ಸೇ ಮುಖ್ಯ ಅನ್ನೋರು ಅಲ್ಲೇ ಉಳಿಯಿರಿ, ಒಂದು ದಿನದಲ್ಲಿ ಅದು ಮುಗಿಯಲ್ಲ, ಓಡಾಟಕ್ಕೇ ಎರಡೂಮುಕ್ಕಾಲು ಗಂಟೆ ಹೋಗುತ್ತೆ. ಆದರೆ ಜೊತೆಯಲ್ಲಿ ವಯಸ್ಸಾದವರಿದ್ದರೆ ಲುಕ್ಕಾದಂಥ ಊರು ನೋಡಿ. "ಇವತ್ತು ನಾನು ಬರಲ್ಲ" ಅಂದವರು ದೊಡ್ಡ ಊರಲ್ಲಾಗಿದ್ದರೆ ಹೋಟೆಲಿನ ನಾಲ್ಕು ಗೋಡೆ ನೋಡ್ತಾ ಕೂರಬೇಕಿತ್ತು. ಇಲ್ಲಿ ಒಂದೇ ಗೋಡೆ, ಅದರ ಮೇಲೆ ಇಡೀ ದಿನ ಕಳೀಬಹುದು.

ಎಕ್ಸೆಲ್ ಶೀಟಿನಲ್ಲಿ ಮಾರನೇ ದಿನ ಸಿಯೆನಾ ಅಂತಿತ್ತು. ಡಿಲೀಟ್ ಮಾಡಿ, ಏಳೂವರೆಗೆ ನಾನೂ ಶೂ ಹಾಕಿಕೊಂಡೆ.